ಹನ್ನೊಂದು ಟ್ಯೂಬು

ನನ್ನ ಬಾಯಿ ಜೋರು ಎಂಬುದು ಪುಣೆಯ ಖಡಕಿಯ ನಮ್ಮ ಓಣಿಗೆಲ್ಲ ಗೊತ್ತು. ಮದ್ದುಗುಂಡಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ನಮ್ಮಪ್ಪನದೂ ಹಾಗೇ ಇತ್ತು. ಆಳಂದ ಕಡೆಯಿಂದ ಬಂದವನು ಜಗಳ ಮಾತ್ರ ಮರಾಠಿಯಲ್ಲಿ ಕಲಿತ, ಬೈಗುಳ ಕನ್ನಡದಲ್ಲೇ ಉಳಿಸಿಕೊಂಡ, ಎರಡನ್ನೂ ನನಗೆ ಬಿಟ್ಟು ಸತ್ತ. ಆ ಬಾಯಿಂದಲೇ ನಾನು ಇಪ್ಪತ್ತು ವರ್ಷ ಅನ್ನ ತಿಂದಿದ್ದೇನೆ. ಆಸ್ಪತ್ರೆಯವರು ನನ್ನನ್ನು ಇಟ್ಟುಕೊಂಡಿದ್ದೇ ಅದಕ್ಕೆ. ಕೂಲಿಯವರ ವಸತಿಗೆ ಹೋಗು, ಅವರ ಮಾತಲ್ಲೇ ಮಾತಾಡು, ಒಲ್ಲೆ ಅಂದವರ ಬಾಯಲ್ಲಿ ಹೂಂ ಅನ್ನಿಸು. ಪೋಲಿಯೊ ಹನಿ, ಕ್ಷಯದ ಗುಳಿಗೆ, ಕೋವಿಡ್ ಸೂಜಿ ಎಲ್ಲವನ್ನೂ ಹೀಗೇ ಮಾಡಿಸಿದ್ದೆ. ಈ ಸಲ ಅವರಿಂದ ಕೇಳಬೇಕಾಗಿದ್ದು ಮಲ.

ಕೇಳಿಸಿದವನು ಡಾಕ್ಟರ್ ಅಮೋಘ. ಹಾಸನದವನು, ಮೂವತ್ತೆರಡರ ಹುಡುಗ. ರೋಗಿಯ ಹೊಟ್ಟೆ ಮುಟ್ಟಿ ನೋಡುವ ಡಾಕ್ಟರಲ್ಲ, ರೋಗ ಎಷ್ಟು ಜನಕ್ಕೆ ಬಂತು, ಯಾವ ವಯಸ್ಸಿಗೆ ಬಂತು ಎಂದು ಎಣಿಸುವ ಡಾಕ್ಟರು. ಮೊದಲ ದಿನ ನಮ್ಮನ್ನೆಲ್ಲ ಕೂರಿಸಿಕೊಂಡು ಕಂಪ್ಯೂಟರಿನಲ್ಲಿ ಒಂದು ಗೆರೆಯ ಚಿತ್ರ ತೋರಿಸಿದ.

“ನಮ್ಮ ಆಸ್ಪತ್ರೆಗೆ ದೊಡ್ಡ ಕರುಳಿನ ಕ್ಯಾನ್ಸರ್ ಪೇಷಂಟ್ಸ್ ಬರೋದೇ ಅಡ್ವಾನ್ಸ್‌ಡ್ ಸ್ಟೇಜಲ್ಲಿ ಮೇಡಂ. ಲಿವರ್‌ಗೆ ಹೋದ ಮೇಲೆ ಬರ್ತಾರೆ. ಬೇಗ ಸಿಕ್ಕಿದ್ರೆ ಉಳಿಸಬಹುದು. ಈ ಟ್ರೆಂಡ್ ಬದಲಾಯಿಸ್ಬೇಕು,” ಎಂದ.

ನಾನು ಗೆರೆ ನೋಡಿದೆ. ಓದಿದ್ದು ಹತ್ತನೇ ಕ್ಲಾಸಾದರೂ ಏರುವುದು ಯಾವುದು, ಇಳಿಯುವುದು ಯಾವುದು ಎಂದು ತಿಳಿಯುತ್ತದೆ. ಅದು ಇಪ್ಪತ್ತೈದರ ವಯಸ್ಸಿನ ಹತ್ತಿರವೇ ತಲೆ ಎತ್ತಿತ್ತು.

“ಇಲ್ಲಿಂದಲೇ ಏರ್ಲತ್ತದಲ್ರಿ ಡಾಕ್ಟರ್. ನಲವತ್ತರ ಮ್ಯಾಲಿನವ್ರಿಗೇ ಯಾಕ ಟೆಸ್ಟು?”

“ಗುಡ್ ಕ್ವೆಶ್ಚನ್. ಯಂಗ್ ಪೇಷಂಟ್ಸ್ ಇತ್ತೀಚೆಗೆ ಜಾಸ್ತಿ ಆಗ್ತಿದ್ದಾರೆ, ನಿಜ. ಆದ್ರೆ ಪ್ರೋಟೊಕಾಲ್ ಇರೋದು ಫಾರ್ಟಿ ಪ್ಲಸ್. ಅಪ್ರೂವ್ ಆಗಿರೋದೇ ಅಷ್ಟು.”

ಒಳ್ಳೆ ಪ್ರಶ್ನೆ ಅಂದನಲ್ಲ, ಅಷ್ಟಕ್ಕೇ ಉಬ್ಬಿಹೋದೆ.

ಮಲದ ಟ್ಯೂಬು ಬೆರಳುದ್ದ, ಹಸಿರು ಮುಚ್ಚಳ. ಮುಚ್ಚಳಕ್ಕೇ ಒಂದು ಕಡ್ಡಿ ಅಂಟಿಕೊಂಡಿರುತ್ತದೆ. ಅದನ್ನು ಮಲಕ್ಕೆ ನಾಲ್ಕು ಕಡೆ ಚುಚ್ಚಿ ಮತ್ತೆ ಒಳಗೆ ತೂರಿಸಿ ತಿರುಗಿಸಿದರೆ ಆಯಿತು. ಕಣ್ಣಿಗೆ ಕಾಣದಷ್ಟು ರಕ್ತವಿದ್ದರೂ ಆಸ್ಪತ್ರೆಯ ಮಷೀನು ಅದನ್ನು ಅಂಕಿಯಲ್ಲಿ ಹೇಳುತ್ತದೆ. ನೂರರೊಳಗಿದ್ದರೆ ಸರಿ. ನೂರು ದಾಟಿದರೆ ಕ್ಯಾಮೆರಾ ಒಳಗೆ ಬಿಟ್ಟು ಕರುಳು ನೋಡಬೇಕು. ಮಾರ್ಕೆಟ್ ಯಾರ್ಡಿನ ಹಮಾಲರಲ್ಲಿ ಶುರುಮಾಡಿದೆವು. ಅವರು ಹೊಟ್ಟೆ ಹಿಡಿದು ನಕ್ಕರು, ಒಬ್ಬರಿಗೊಬ್ಬರು ಹೆಸರಿಟ್ಟುಕೊಂಡರು, ಆದರೂ ತಂದುಕೊಟ್ಟರು.

ಆಮೇಲೆ ಊರ ಅಂಚಿನ ಕೊಂಢವಾ. ಗುಡ್ಡದ ಇಳಿಜಾರಿನಲ್ಲಿ ಎರಡು ದೊಡ್ಡ ಕಟ್ಟಡ ಏಳುತ್ತಿದ್ದವು, ಹಿಂದೆ ತಗಡಿನ ಶೆಡ್ಡುಗಳ ಸಾಲು. ಅರವತ್ತು ಸಂಸಾರಕ್ಕೆ ನಾಲ್ಕು ಸಂಡಾಸು. ಅದರಲ್ಲೊಂದರ ಬಾಗಿಲಿಗೆ ಚಿಲಕವಿಲ್ಲ. ಕೊನೆಯ ಸಾಲಿನಲ್ಲಿ ಯಾದಗಿರಿ ಕಡೆಯ ಒಂದು ಗ್ಯಾಂಗು ಇತ್ತು. ಅದನ್ನು ಕರೆತಂದು ಕೆಲಸ ಮಾಡಿಸುವ ಮುಕಾದಮ ಅವ್ವಣ್ಣ, ಐವತ್ತೆಂಟರ ಗಟ್ಟಿ ಆಸಾಮಿ. ಹೆಂಡತಿ ಗೌರಾಬಾಯಿ. ಮಗ ದತ್ತು ಸೆಂಟ್ರಿಂಗ್ ಕೆಲಸದವನು. ಸೊಸೆ ಆರತಿ, ಇಪ್ಪತ್ತೇಳು ವರ್ಷ, ಇಟ್ಟಿಗೆ ಹೊರುತ್ತಿದ್ದಳು. ಆ ಸಾಲಿನ ಹೆಂಗಸರಲ್ಲಿ ಓದುಬರಹ ಬಲ್ಲವಳು ಅವಳೊಬ್ಬಳೇ.

ಆ ಸಂಜೆ ನಾನು ನನ್ನ ಬಾಯಿಯನ್ನು ಪೂರ್ತಿ ಬಿಟ್ಟೆ. ಒಂದು ಕಲ್ಲಿನ ಮೇಲೆ ನಿಂತು ಟ್ಯೂಬು ಮೇಲೆತ್ತಿ ಹಿಡಿದೆ.

“ಇದ್ರಾಗ ಏನೂ ಮುಚ್ಚಿಡ್ಲಿಕ್ಕಾಗಲ್ಲ ನೋಡ್ರಿ. ಮಷೀನ್ ಭಾಳ ಶಾಣ್ಯಾ ಅದ. ಒಂದು ಹನಿ ರಕ್ತ ಇದ್ರೂ ಹಿಡೀತದ. ಯಾರದು ಅಂತ ಹೆಸರು ಹಿಡಿದು ಕರೀತದ. ನೀವು ಸುಮ್ಮ ಕೂತ್ರೂ ಅದೇ ಕರೀತದ.”

ಮಾತು ಬಾಯಿಗೆ ಬಂತು, ಆಡಿದೆ. ಜನ ಹೆದರಿದರೆ ಕೊಡುತ್ತಾರೆ ಎಂಬುದು ನನ್ನ ಇಪ್ಪತ್ತು ವರ್ಷದ ಅನುಭವ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವ್ವಣ್ಣ ಮಾತ್ರ ನಗಲಿಲ್ಲ.

“ಫೇಲಾದ್ರ ಏನ್ರಿ ಬಾಯಿ?” ಎಂದ.

“ಪಾಸು ಫೇಲು ಏನಿಲ್ಲ ಯಣ್ಣಾ. ಇದು ನಿಮ್ಮ ಸಲುವಾಗಿ.”

“ಹೋದ ವರ್ಷ ಕಣ್ಣಿನ ಟೆಸ್ಟ್ ಅಂದ್ರು, ಅದೂ ನಮ್ಮ ಸಲುವಾಗೇ. ಕಣ್ಣು ಮಂದ ಅಂತ ಬಂದ ನಾಲ್ಕು ಮಂದಿಗೆ ಮ್ಯಾಲಿನ ಮಹಡಿ ಕೆಲಸ ಇಲ್ಲ ಅಂತ ಠೇಕೇದಾರ ಮನಿಗೆ ಕಳಿಸಿದ.”

ಆ ಮಾತಿಗೆ ನಾನು ನಿಂತು ಉತ್ತರ ಕೊಡಬೇಕಿತ್ತು. ಇಲ್ಲ, ಹಾಗಾಗುವುದಿಲ್ಲ, ಗುತ್ತಿಗೆ ಹಿಡಿದ ಠೇಕೇದಾರನಿಗೆ ಹೇಳುವುದಿಲ್ಲ ಎಂದು ಒಬ್ಬೊಬ್ಬರ ಎದುರಿಗೂ ಕೂತು ಬಿಡಿಸಿ ಹೇಳಬೇಕಿತ್ತು. ಕತ್ತಲಾಗುವುದರೊಳಗೆ ಇನ್ನೂ ಎರಡು ಸಾಲು ಮುಗಿಸಬೇಕಾಗಿತ್ತು. “ಹೇ, ಅದೇ ಬ್ಯಾರೆ, ಇದೇ ಬ್ಯಾರೆ,” ಎಂದು ಕೈ ಬೀಸಿ ಮುಗಿಸಿದೆ.

ನಲವತ್ತು ದಾಟಿದವರು ಆ ಗ್ಯಾಂಗಿನಲ್ಲಿ ಹನ್ನೊಂದು ಜನ. ಹನ್ನೊಂದು ಟ್ಯೂಬು ಎಣಿಸಿ ಆರತಿಯ ಕೈಗಿಟ್ಟೆ. ಹೆಸರು ಬರೆದು, ಸೋಮವಾರ ಬೆಳಿಗ್ಗೆ ಎಲ್ಲರಿಂದ ಕೂಡಿಸಿ ಇಡು ಎಂದೆ. ಅವಳು ಎರಡು ಸಲ ಎಣಿಸಿದಳು. ಆಮೇಲೆ ನನ್ನ ಹಿಂದೆಯೇ ಗೇಟಿನವರೆಗೆ ಬಂದಳು.

“ಯಕ್ಕಾ, ನಂಗೊಂದು ಕೊಡ್ರಿ.”

“ನಿಂಗ್ಯಾಕವ್ವಾ? ನಲವತ್ತು ಆಗ್ಯಾವೇನು ನಿಂಗ?”

“ಇಲ್ರಿ. ಹಂಗೇ ಕೇಳ್ದೆ.”

“ನಿನ್ನ ವಯಸ್ಸಿಗೆ ಇವೆಲ್ಲ ಬರಾಂಗಿಲ್ಲ. ಹೊಟ್ಟಿ ತುಂಬ ಉಣ್ಣು, ಸೊರಗೀದಿ ನೋಡು. ನಲವತ್ತಾದ ಮ್ಯಾಲ ಬಾ, ಎರಡು ಕೊಡ್ತೀನಿ.”

ನಾನು ನಕ್ಕೆ, ಅವಳೂ ನಕ್ಕಳು. ಆ ನಗೆ ನೆನಪಾದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನ್ನಿಸುತ್ತದೆ.

ಸೋಮವಾರ ಬೆಳಿಗ್ಗೆ ಅವಳು ಒಂದು ಕ್ಯಾರಿಬ್ಯಾಗಿನಲ್ಲಿ ಹನ್ನೊಂದನ್ನೂ ತಂದುಕೊಟ್ಟಳು. ಬೇರೆ ಕಡೆ ಹೀಗೆ ಯಾವತ್ತೂ ಆಗಿರಲಿಲ್ಲ. ಒಬ್ಬರು ಖಾಲಿ ಕೊಡುತ್ತಾರೆ, ಒಬ್ಬರು ಮುಚ್ಚಳದವರೆಗೆ ತುಂಬುತ್ತಾರೆ, ಒಬ್ಬರು ಮಗು ಎಸೆಯಿತು ಎನ್ನುತ್ತಾರೆ. ಇಲ್ಲಿ ಹನ್ನೊಂದೂ ಅಚ್ಚುಕಟ್ಟು. ಚೀಟಿಯ ಮೇಲೆ ದುಂಡಗಿನ ಅಕ್ಷರದಲ್ಲಿ ಹೆಸರು, ವಯಸ್ಸು. ನಾನು ಅವಳ ಬೆನ್ನು ತಟ್ಟಿ, “ನೀ ನಮ್ಮ ಆಸ್ಪತ್ರ್ಯಾಗ ಕೆಲಸಕ್ಕ ಬಾರವ್ವಾ,” ಎಂದೆ. ತಟ್ಟಿದಾಗ ಬೆನ್ನಿನ ಮೂಳೆ ಕೈಗೆ ತಾಕಿತು. ತಾಕಿದ್ದು ಇವತ್ತಿಗೂ ನೆನಪಿದೆ, ಆದರೆ ಅವತ್ತು ಏನೂ ಅನ್ನಿಸಲಿಲ್ಲ.

ಹದಿನೈದು ದಿನಕ್ಕೆ ಫಲಿತಾಂಶ ಬಂತು. ಆ ಸೈಟಿನಿಂದ ಕೊಟ್ಟದ್ದು ಒಟ್ಟು ನಲವತ್ತಮೂರು ಟ್ಯೂಬು. ನೂರು ದಾಟಿದವು ಹನ್ನೊಂದು. ಹನ್ನೊಂದೂ ಅವ್ವಣ್ಣನ ಗ್ಯಾಂಗಿನವು.

ಅಮೋಘ ಕುರ್ಚಿಯಲ್ಲಿ ಕೂರಲಾರದೆ ಅತ್ತಿತ್ತ ಓಡಾಡಿದ. “ಮೇಡಂ, ಇದು ಕ್ಲಸ್ಟರ್. ಒಂದೇ ಊರಿನವರು, ಒಂದೇ ಬಾವಿ ನೀರು, ಒಂದೇ ಊಟ. ಇದು ದೊಡ್ಡ ಫೈಂಡಿಂಗ್. ನೀವು ಅವ್ರ ಊಟದ ಡೀಟೇಲ್ಸ್ ಎಲ್ಲಾ ತಗೊಳ್ಳಿ.”

ನಾನು ತಗೊಂಡೆ. ಎಷ್ಟು ರೊಟ್ಟಿ, ಎಷ್ಟು ಖಾರ, ತಂಬಾಕಿನ ಪುಡಿ ಎಷ್ಟು ಸಲ, ಊರಿನ ಬಾವಿ ಎಷ್ಟು ಆಳ. ಅವನು ಅದನ್ನೆಲ್ಲ ಸೇರಿಸಿ ದಿಲ್ಲಿಯ ಯಾವುದೋ ಸಭೆಯಲ್ಲಿ ತೋರಿಸಿ ಬಂದ. ಈಶಾನ್ಯ ಕರ್ನಾಟಕದ ವಲಸೆ ಕೂಲಿಗಳಲ್ಲಿ ಹೊಸ ಟ್ರೆಂಡ್ ಎಂದು ಹೆಸರು. ಚಪ್ಪಾಳೆ ಬಿತ್ತಂತೆ. ಅವರ ಕರುಳಿನೊಳಗೆ ಏನಿದೆ ಎಂದು ಯಾರೂ ಇನ್ನೂ ನೋಡಿರಲಿಲ್ಲ.

ನೋಡುವ ಕೆಲಸ ಜುಲೈ ಕೊನೆಗೆ ಆಯಿತು. ಹಿಂದಿನ ದಿನ ಹನ್ನೊಂದು ಜನಕ್ಕೂ ಕರುಳು ಖಾಲಿ ಮಾಡುವ ಜುಲಾಬಿನ ನೀರು ಕುಡಿಸಿದೆವು. ನಾಲ್ಕು ಸಂಡಾಸು, ಹೊರಗೆ ಮಳೆ, ಹನ್ನೊಂದು ಜನ ಡಬ್ಬ ಹಿಡಿದು ಸಾಲಿನಲ್ಲಿ. ಇಡೀ ವಸತಿ ನನ್ನ ಹೆಸರು ಹಿಡಿದು ಶಾಪ ಹಾಕಿತು. ಆರತಿ ಎಲ್ಲರಿಗೂ ನೀರು ಹೊತ್ತು ಕೊಡುತ್ತಿದ್ದಳು. ನಡುನಡುವೆ ತಾನೂ ಆ ಸಾಲಿನಲ್ಲಿ ನಿಲ್ಲುತ್ತಿದ್ದಳು. ಒಮ್ಮೆ ನನ್ನ ಹತ್ತಿರ ಬಂದು ನಿಂತಳು.

“ಇವ್ರು ಬಿಟ್ಟು ಇನ್ನ ಯಾರನ್ನರ ಕರೀತಾರೇನ್ರಿ ಯಕ್ಕಾ?”

“ಇನ್ಯಾರನ್ನ ಕರೀಬೇಕು? ಹನ್ನೊಂದಕ್ಕ ಹನ್ನೊಂದೂ ಆದ್ವಲ್ಲ.”

“ಮಷೀನ್ ಬ್ಯಾರೆ ಹೆಸರು ಹೇಳಿಲ್ಲೇನ್ರಿ?”

“ಯಾಕ, ಠೇಕೇದಾರನ ಹೆಸರು ಹೇಳಬೇಕಾಗಿತ್ತೇನು?” ಎಂದೆ. ನನಗೆ ಮಳೆಯಲ್ಲಿ ಕೊಡೆ ಮುರಿದ ಸಿಟ್ಟು.

ಹನ್ನೊಂದು ಜನರ ಕರುಳೂ ಶುದ್ಧ. ಒಬ್ಬರಿಗೆ ಮೂಲವ್ಯಾಧಿ, ಒಬ್ಬರಿಗೆ ಜಂತು, ಉಳಿದವರಿಗೆ ಅದೂ ಇಲ್ಲ. ಅವ್ವಣ್ಣ ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ. “ಐವತ್ತೆಂಟು ವರ್ಷ ಯಾರೂ ನೋಡ್ಲಾರದ್ದನ್ನ ಇವತ್ತು ಆರು ಮಂದಿ ಟೀವಿ ಒಳಗ ನೋಡಿದ್ರು. ಏನೂ ಇಲ್ಲ ಅಂತ ಕಳಿಸಿದ್ರು. ಇನ್ನ ನಮ್ಮ ಶೆಡ್ಡಿನ ಕಡಿ ಬರಬ್ಯಾಡ್ರಿ ಬಾಯಿ,” ಎಂದ.

ಅಮೋಘ ಎರಡು ದಿನ ಯಾರ ಮುಖವನ್ನೂ ನೋಡಲಿಲ್ಲ. ಮೂರನೇ ದಿನ ಟ್ಯೂಬಿನ ಪೆಟ್ಟಿಗೆಯೇ ಕೆಟ್ಟಿತ್ತು, ತಯಾರಕರ ದೋಷ ಎಂದು ವರದಿ ಬರೆದು ಕಳಿಸಿದ.

ನನಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಅದೇ ಪೆಟ್ಟಿಗೆಯ ಟ್ಯೂಬು ಮಾರ್ಕೆಟ್ ಯಾರ್ಡಿಗೂ ಹೋಗಿತ್ತು, ಅಲ್ಲಿ ಏನೂ ಆಗಿರಲಿಲ್ಲ. ರಿಜಿಸ್ಟರು ತೆಗೆದು ಅಂಕಿಗಳ ಮೇಲೆ ಬೆರಳಿಟ್ಟೆ. ಬೇರೆ ಕಡೆ ನೂರು ದಾಟಿದವರದು ಒಬ್ಬರದು ನೂರಿಪ್ಪತ್ತು, ಒಬ್ಬರದು ಒಂಬೈನೂರು, ಒಂದಕ್ಕೊಂದು ಸಂಬಂಧವಿಲ್ಲ. ಇಲ್ಲಿ ಆರುನೂರ ನಲವತ್ತು, ಆರುನೂರ ಐವತ್ತೊಂದು, ಆರುನೂರ ಮೂವತ್ತೆಂಟು, ಆರುನೂರ ನಲವತ್ತಾರು. ಹನ್ನೊಂದೂ ಅದೇ ಆಸುಪಾಸು. ಚೀಟಿಗಳ ಮೇಲಿನ ದುಂಡಗಿನ ಅಕ್ಷರವೂ ಒಂದೇ.

ಹನ್ನೊಂದು ಟ್ಯೂಬಿನಲ್ಲಿದ್ದದ್ದು ಒಬ್ಬರದೇ. ಆ ಒಬ್ಬರು ಈ ಹನ್ನೊಂದು ಜನರಲ್ಲಿ ಯಾರೂ ಅಲ್ಲ, ಏಕೆಂದರೆ ಹನ್ನೊಂದೂ ಜನರ ಕರುಳು ನೋಡಿ ಆಗಿತ್ತು. ಯಾರ ಹೊಟ್ಟೆಯಿಂದ ರಕ್ತ ಹೋಗುತ್ತಿದೆಯೋ ಆ ಮನುಷ್ಯ ಪಟ್ಟಿಯ ಹೊರಗಿದ್ದಾನೆ. ಅಥವಾ ಇದ್ದಾಳೆ. ನನಗೊಂದು ಟ್ಯೂಬು ಕೊಡಿ ಎಂದು ಗೇಟಿನವರೆಗೆ ಬಂದವಳು ಆಗ ನೆನಪಾದಳು.

ರಿಜಿಸ್ಟರು ಎತ್ತಿಕೊಂಡು ಅಮೋಘನ ಕೋಣೆಗೆ ಹೋದೆ. ಅವನು ಬುದ್ಧಿವಂತ, ಎರಡು ನಿಮಿಷವೂ ಬೇಕಾಗಲಿಲ್ಲ. ಎದ್ದು ಬಾಗಿಲು ಹಾಕಿದ.

“ಮೇಡಂ, ಕೂತ್ಕೊಳ್ಳಿ. ಕಿಟ್ ಹಾಳಾಗಿತ್ತು ಅಂದ್ರೆ ತಯಾರು ಮಾಡಿದೋರ ತಪ್ಪು. ಸ್ಯಾಂಪಲ್ ಅದಲುಬದಲು ಆಗಿದೆ ಅಂದ್ರೆ ಫೀಲ್ಡಿನೋರ ತಪ್ಪು. ಕಲೆಕ್ಷನ್ ನಿಮ್ದು. ನೀವೇ ನಿಂತು ತಗೋಬೇಕಿತ್ತು, ಒಬ್ಬಳ ಕೈಗೆ ಕೊಟ್ಟು ಬಂದ್ರಿ. ಇದು ಆಚೆ ಬಂದ್ರೆ ನನ್ನ ಡೇಟಾ ಪೂರ್ತಿ ಹೋಗತ್ತೆ. ನಿಮ್ಮ ಕಾಂಟ್ರ್ಯಾಕ್ಟೂ ಹೋಗತ್ತೆ.”

“ಆ ಹುಡುಗಿನ್ನ ಕರೆಸಿ ನೋಡೂನ್ರಿ. ಯಾರಿಗೂ ಹೇಳೂದು ಬ್ಯಾಡ.”

“ಅವಳ ಏಜ್ ಎಷ್ಟು? ಇಪ್ಪತ್ತೇಳಾ? ನಮ್ಮ ಸ್ಟಡೀಲಿ ಅವಳು ಇಲ್ವೇ ಇಲ್ಲ. ಯಾವ ಲೆಕ್ಕದಲ್ಲಿ ಸ್ಕೋಪ್ ಹಾಕಿ ಕರುಳು ನೋಡ್ಸೋದು? ಸ್ವಲ್ಪ ದಿನ ಹೋಗ್ಲಿ, ನೋಡೋಣ.”

ಈಗ ಹೇಳುವುದು ನನ್ನ ಪಾಪ. ಆ ಕೋಣೆಯಿಂದಲೇ ನಾನು ಕೊಂಢವಾದ ಬಸ್ಸು ಹತ್ತಬೇಕಿತ್ತು. ಅವಳ ಕೈ ಹಿಡಿದು ಎಳೆದುಕೊಂಡು ಬಂದು ಬೇರೆ ಡಾಕ್ಟರ ಎದುರಿಗೆ ಕೂರಿಸಬೇಕಿತ್ತು. ಹೋಗಲಿಲ್ಲ. ಸೆಪ್ಟೆಂಬರಿಗೆ ನನ್ನ ಕಾಂಟ್ರ್ಯಾಕ್ಟು ಮುಗಿಯುತ್ತಿತ್ತು, ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಖಡಕಿಯಲ್ಲೆಲ್ಲ ಹೆಸರಾದ ನನ್ನ ಬಾಯಿ ಎಂಟು ದಿನ ಮುಚ್ಚಿಕೊಂಡಿತ್ತು.

ಒಂಬತ್ತನೇ ದಿನ ತಡೆಯಲಾರದೆ ಹೋದೆ. ಶೆಡ್ಡಿನ ಮುಂದೆ ಗೌರಾಬಾಯಿ ಅಕ್ಕಿ ಆರಿಸುತ್ತ ಕೂತಿದ್ದಳು. ನನ್ನನ್ನು ನೋಡಿ ಏಳಲಿಲ್ಲ, ಕೂರು ಎನ್ನಲಿಲ್ಲ.

“ಆರತಿ ಎಲ್ಲಿದ್ದಾಳ್ರಿ?”

“ತವರಿಗೆ ಹೋಗ್ಯಾಳ. ಪಂಚಮಿಗೆ.”

“ಯಾವಾಗ?”

“ಮೊನ್ನಿ. ದತ್ತು ಬಿಡ್ಲಿಕ್ಕ ಹೋಗ್ಯಾನ.”

“ಯವ್ವಾ, ಖರೇ ಹೇಳ್ರಿ. ಆ ಟ್ಯೂಬಿನಾಗ ಯಾರದು ಹಾಕಿದ್ರಿ? ಅಕಿದೇ ಹೌದಿಲ್ಲೋ?”

ಮೊರ ಕೆಳಗಿಟ್ಟಳು. “ನಮ್ಮವು ನಮ್ಮವೇ. ಮಂದೀದು ನಾವ್ಯಾಕ ಹಾಕೂನು? ಬಟ್ಟಿ ಬಿಚ್ಚಿಸಿ ನೋಡಿದ್ದು ಸಾಕಾಗ್ಲಿಲ್ಲೇನು ನಿಮಗ? ಮತ್ತ ನಮ್ಮ ಸೊಸಿಗೂ ಬಿಚ್ಚಿಸ್ತೀರೇನು?”

“ಅಕಿಗೆ ಆರಾಮಿಲ್ಲ. ಜೀವದ ಮಾತದ ಇದು.”

“ಆರಾಮಿಲ್ಲ ಅಂತ ಗೊತ್ತದ. ಉಂಡದ್ದು ಮೈಗೆ ಹತ್ತಂಗಿಲ್ಲ, ಹಗಲೆಲ್ಲ ಸಂಡಾಸಿನ ಮುಂದೇ. ಕೆಲಸಕ್ಕ ಆಗಂಗಿಲ್ಲ, ಒಂದು ಕೂಸೂ ಇಲ್ಲ. ತವರಾಗ ನಾಟಿ ಔಷಧ ಕೊಡಸ್ತಾರ, ಆರಾಮಾದ ಮ್ಯಾಲ ಬರ್ತಾಳ.”

ಮೂರೇ ದಿನ. ಮೂರು ದಿನ ಮೊದಲು ಬಂದಿದ್ದರೆ ಸಿಗುತ್ತಿದ್ದಳು. ದತ್ತುವಿನ ನಂಬರು ಇಸಿದುಕೊಂಡು ಅಲ್ಲೇ ನಿಂತು ಫೋನು ಮಾಡಿದೆ. ಎತ್ತಲಿಲ್ಲ. ನಾಲ್ಕು ದಿನ ಮಾಡಿದ ಮೇಲೆ ಒಮ್ಮೆ ಎತ್ತಿ ಅವಳ ಕೈಗೆ ಕೊಟ್ಟ.

“ಆರಾಮ್ ಅದೀನ್ರಿ ಯಕ್ಕಾ,” ಎಂದಳು. ದನಿ ಎಲ್ಲೋ ಒಳಗಿನಿಂದ ಬರುತ್ತಿತ್ತು. “ಇಲ್ಲಿ ಔಷಧ ಕೊಡ್ಲತ್ತಾರ. ಮೂಲವ್ಯಾಧಿ ಅಂದಾರ.”

“ಆ ಹನ್ನೊಂದು ಯಾರವು ಅವ್ವಾ? ನನ್ನ ಮುಂದ ಹೇಳು, ನಾ ಯಾರಿಗೂ ಹೇಳಂಗಿಲ್ಲ.”

ಹಿಂದೆ ಯಾರೋ ಗಂಡಸರ ಮಾತು ಕೇಳುತ್ತಿತ್ತು.

“ಅವ್ರವ್ರವೇ ರೀ,” ಎಂದಳು.

“ಪುಣಾಕ್ಕ ಬಾ. ನಾಳೆನೇ ಬಾ. ನಾ ಸ್ಟೇಷನ್ನಿಗೆ ಬರ್ತೀನಿ.”

“ಹೂಂ ರೀ,” ಎಂದಳು. ಆಮೇಲೆ ಆ ಫೋನು ಹತ್ತಲೇ ಇಲ್ಲ.

ಯಾದಗಿರಿ ಏನು ಸಮುದ್ರದಾಚೆ ಇಲ್ಲ. ಒಂದು ಹಗಲಿನ ರೈಲು. ಗ್ಯಾಂಗಿನವರ ಹಳ್ಳಿಯ ಹೆಸರು ರಿಜಿಸ್ಟರಿನಲ್ಲೇ ಇತ್ತು, ಬಾವಿಯ ಆಳದ ಸಮೇತ, ಅಲ್ಲಿ ಕೇಳಿದರೆ ಅವಳ ತವರು ಯಾವುದೆಂದು ಹೇಳುತ್ತಿದ್ದರು. ಇವತ್ತು ಹೋಗುತ್ತೇನೆ, ಭಾನುವಾರ ಹೋಗುತ್ತೇನೆ, ಕಾಂಟ್ರ್ಯಾಕ್ಟಿಗೆ ಸಹಿ ಆದ ಮೇಲೆ ಹೋಗುತ್ತೇನೆ ಎಂದುಕೊಂಡೆ. ಸೆಪ್ಟೆಂಬರಿನಲ್ಲಿ ಸಹಿ ಆಯಿತು. ನನ್ನನ್ನು ಫೀಲ್ಡಿನಿಂದ ತೆಗೆದು ಆಸ್ಪತ್ರೆಯೊಳಗೆ ಹಾಕಿದರು, ಕ್ಯಾನ್ಸರಿನ ಹೊಸ ರೋಗಿಗಳ ವಿವರ ಕಂಪ್ಯೂಟರಿಗೆ ತುಂಬುವ ಕೆಲಸ. ಅಮೋಘನೇ ಹೇಳಿ ಹಾಕಿಸಿದ. ನೆರಳು, ಫ್ಯಾನು, ಕುರ್ಚಿ. ಬಾಯಿ ಮುಚ್ಚಿದ್ದಕ್ಕೆ ಸಿಕ್ಕ ಕುರ್ಚಿ ಅದು, ಮತ್ತು ನಾನು ಅದರ ಮೇಲೆ ಕೂತೆ.

ಸಂಕ್ರಾಂತಿ ಕಳೆದು ನಾಲ್ಕನೇ ದಿನ ಹೆಂಗಸರ ಸರ್ಜರಿ ವಾರ್ಡಿನಿಂದ ಕರೆ ಬಂತು. ಹೊಸ ಕೇಸು, ಕನ್ನಡ ಬಿಟ್ಟು ಬೇರೆ ಭಾಷೆ ಸರಿಯಾಗಿ ಬರುವುದಿಲ್ಲ, ನೀವೇ ಬನ್ನಿ ಎಂದರು. ಟ್ಯಾಬ್ ಎತ್ತಿಕೊಂಡು ಹೋದೆ. ಹದಿನಾಲ್ಕನೇ ಮಂಚದ ಕಾಲಬಳಿ ದತ್ತು ನಿಂತಿದ್ದ. ಮಂಚದ ಮೇಲಿದ್ದವಳನ್ನು ನಾನು ಮುಖದಿಂದ ಗುರುತಿಸಲಿಲ್ಲ. ದತ್ತು ಇದ್ದಾನೆಂದರೆ ಇವಳು ಆರತಿಯೇ ಇರಬೇಕು ಎಂದು ತಿಳಿದುಕೊಂಡೆ.

ಕರುಳು ಪೂರ್ತಿ ಕಟ್ಟಿಕೊಂಡು, ಹೊಟ್ಟೆ ಉಬ್ಬಿ, ವಾಂತಿ ಮಾಡುತ್ತಿದ್ದವಳನ್ನು ದತ್ತು ರೈಲು ಹತ್ತಿಸಿಕೊಂಡು ಬಂದಿದ್ದ. ಬಂದ ಗಂಟೆಯಲ್ಲೇ ಆಪರೇಷನ್ ಮಾಡಿದ್ದರು. ಹೊಟ್ಟೆಯ ಎಡಬದಿಗೆ ಕರುಳಿನ ಬಾಯಿ ತೆಗೆದು ಚೀಲ ಅಂಟಿಸಿದ್ದರು. ಲಿವರಿನ ತುಂಬ ಗಂಟು ಎಂದು ಕೇಸ್ ಪೇಪರಿನಲ್ಲಿ ಬರೆದಿತ್ತು. ನಾಲ್ಕನೇ ಹಂತ. ಐದನೆಯದು ಇಲ್ಲ.

ದತ್ತುವನ್ನು ಔಷಧಿ ತರಲು ಕಳಿಸಿ ಮಂಚದ ಅಂಚಿಗೆ ಕೂತೆ. ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. ನಕ್ಕಳೋ ಏನೋ, ತುಟಿ ಒಡೆದಿತ್ತು.

“ಯಕ್ಕಾ, ನಾ ಸುಳ್ಳು ಹೇಳಿದ್ದೆ.”

“ಗೊತ್ತದವ್ವಾ. ಸುಮ್ಮ ಇರು.”

“ಮಾವ ಅಂದ್ರು, ಫೇಲಾದ್ರ ಠೇಕೇದಾರ ಕಳಿಸ್ತಾನ, ನಮಗೆಲ್ಲಾ ವಯಸ್ಸಾಗ್ಯಾದ, ನೀನೇ ತುಂಬಿಬಿಡು, ಹರೇದ ಮೈ ಪಾಸಾಗ್ತದ ಅಂದ್ರು. ಹೆಂಗೂ ನೀ ಹಗಲೆಲ್ಲ ಅಲ್ಲೇ ಇರ್ತಿ, ನಿಂಗೇನ್ ತ್ರಾಸು ಅಂದ್ರು. ಎಲ್ಲಾರೂ ನಕ್ಕರು.” ಉಸಿರು ತೆಗೆದುಕೊಂಡಳು. “ನಾನೂ ಹೂಂ ಅಂದೆ. ನಂಗೂ ಬೇಕಾಗಿತ್ರಿ. ರಕ್ತ ಹೋಗೂದು ಆರು ತಿಂಗಳಾಗಿತ್ತು, ಯಾರ ಮುಂದ ಹೇಳಲಿ? ಅತ್ತಿ ಮುಂದ ಹೇಳಿದ್ರ ಮುಟ್ಟಿನ ದೋಷ ಅಂದ್ರು.”

“ನನ್ನ ಮುಂದ ಹೇಳಬೇಕಿಲ್ಲೇನು?”

“ಕೇಳಿದ್ನಲ್ರಿ. ನಲವತ್ತಾಗ್ಲಿ ಅಂದ್ರಿ.”

ನಾನು ಅವಳ ಕಾಲ ಮೇಲಿನ ಚಾದರವನ್ನು ಸುಮ್ಮನೆ ಎಳೆದು ಸರಿಮಾಡಿದೆ.

“ಮಷೀನ್ ಹೆಸರು ಹಿಡಿದು ಕರೀತದ ಅಂದಿದ್ರಲ್ಲ ನೀವು, ಕಲ್ಲಿನ ಮ್ಯಾಲ ನಿಂತು. ಒಂದ್ರಾಗ ಹಾಕಿದ್ರ ತಪ್ಪೀತು, ಹನ್ನೊಂದ್ರಾಗೂ ನಂದೇ ಹಾಕಿದ್ರ ಗ್ಯಾರಂಟಿ ನಂದು ಅಂತ ತಿಳೀತದ, ಆರತಿ ಅಂತ ಕರೀತದ ಅಂದ್ಕೊಂಡೆ. ದಿನಾ ಗೇಟಿನ ಕಡಿ ನೋಡ್ತಿದ್ದೆ. ಕರದದ್ದು ಮಾವನ್ನ, ಅತ್ತಿನ್ನ. ನನ್ನ ಸಲುವಾಗಿ ಅವ್ರಿಗೆ ಹಂಗಾತಲ್ಲ ಅಂತ ಬಾಯಿ ಬಿಡ್ಲಿಕ್ಕೆ ಅಂಜಿಕಿ ಬಂತು. ಫೋನ್ ಮಾಡಿದಾಗ ಹೇಳಬೇಕು ಅಂದೆ, ಪಂಚಮಿಗಂತ ಊರಿಗೆ ಬಂದಿದ್ದ ಮಾವ ಬಾಜೂಕೇ ಕೂತಿದ್ರು.”

ನನಗೆ ಕೂಗಿಕೊಳ್ಳಬೇಕು ಎನ್ನಿಸಿತು. ಅವ್ವಣ್ಣನ ಮೇಲೆ ಸಿಟ್ಟು, ಗೌರಾಬಾಯಿಯ ಮೇಲೆ ಸಿಟ್ಟು, ಮೂಲವ್ಯಾಧಿ ಎಂದ ಮುಠ್ಠಾಳನ ಮೇಲೆ ಸಿಟ್ಟು. ಅವರನ್ನೆಲ್ಲ ಬೈದು ಮುಗಿಸಿದರೂ ಕಡೆಗೆ ಉಳಿಯುತ್ತಿದ್ದವಳು ನಾನೇ. ಅವರಿಗೆ ತಿಳಿದಿರಲಿಲ್ಲ. ನನಗೆ ಆಗಸ್ಟಿನಲ್ಲೇ ತಿಳಿದಿತ್ತು.

ಅಷ್ಟರಲ್ಲಿ ಅಮೋಘ ವಾರ್ಡಿಗೆ ಬಂದ. ಕೇಸ್ ಪೇಪರು ತಿರುವಿ ನೋಡಿದ. ಹೆಸರು ಅವನಿಗೆ ಗುರುತು ಸಿಗಲಿಲ್ಲ.

“ಟ್ವೆಂಟಿಸೆವೆನ್, ಸ್ಟೇಜ್ ಫೋರ್. ನೋಡಿದ್ರಾ ಮೇಡಂ, ಮೂವತ್ತರೊಳಗೆ ಒಂದು ವರ್ಷದಲ್ಲಿ ಇದು ಏಳನೇ ಕೇಸು. ಇದು ನಿಜವಾದ ಟ್ರೆಂಡ್. ಮುಂದಿನ ಪ್ರಾಜೆಕ್ಟ್ ಇದ್ರ ಮೇಲೇ ಬರೀತಿದೀನಿ. ಡೀಟೇಲ್ಸ್ ಒಂದೂ ಬಿಡದೆ ತುಂಬಿ.”

“ಇಕಿ ಆ ಹುಡುಗಿ ರೀ,” ಎಂದೆ. “ಹನ್ನೊಂದು ಟ್ಯೂಬಿನಾಕಿ.”

ಅವನ ಕೈ ಪೇಪರಿನ ಮೇಲೆ ನಿಂತಿತು. ಒಂದು ಕ್ಷಣ ಮುಖ ಚಿಕ್ಕ ಹುಡುಗನದಾಯಿತು. ಪೇಪರನ್ನು ಮಂಚದ ಮೇಲಿಟ್ಟು, ಕನ್ನಡಕ ಒರೆಸಿಕೊಂಡು, “ಫಾರ್ಮಲ್ಲಿ ಅದೆಲ್ಲ ಹಾಕೋಕೆ ಬರಲ್ಲ ಮೇಡಂ. ರೆಕಾರ್ಡ್ ಇಲ್ಲ,” ಎಂದು ಹೊರಟುಹೋದ.

ನಾನು ಟ್ಯಾಬ್ ತೆರೆದು ತುಂಬಿದೆ. ಹೆಸರು, ಆರತಿ. ವಯಸ್ಸು, ಇಪ್ಪತ್ತೇಳು. ವೃತ್ತಿ, ಕಟ್ಟಡ ಕೂಲಿ. ಹಂತ, ನಾಲ್ಕು. ಆಮೇಲೆ ಆ ಪ್ರಶ್ನೆ ಬಂತು. ಹಿಂದೆ ಈ ರೋಗಕ್ಕೆ ತಪಾಸಣೆ ಆಗಿದೆಯೇ, ಹೌದು ಅಥವಾ ಇಲ್ಲ. ಹೌದು ಒತ್ತಿದೆ. ಟ್ಯೂಬಿನ ನಂಬರು ಕೇಳಿತು. ಆ ಹನ್ನೊಂದೂ ನಂಬರು ನನಗೆ ಬಾಯಿಪಾಠವಾಗಿದ್ದವು. ಮೊದಲನೆಯದು ಹಾಕಿದೆ. ಹೆಸರು ಹೊಂದಿಕೆಯಾಗುತ್ತಿಲ್ಲ, ಅವ್ವಣ್ಣ, ಗಂಡು, ಐವತ್ತೆಂಟು ಎಂದಿತು. ಎರಡನೆಯದು ಹಾಕಿದೆ. ಗೌರಾಬಾಯಿ, ಐವತ್ತೊಂದು ಎಂದಿತು. ಒಂದನ್ನೂ ಬಿಡದೆ ಹನ್ನೊಂದನ್ನೂ ಹಾಕಿದೆ. ಹನ್ನೊಂದು ಸಲವೂ ಅದು ಬೇರೆಯವರ ಹೆಸರು ಹೇಳಿತು. ಕಡೆಗೆ ಇಲ್ಲ ಎಂಬುದನ್ನು ಒತ್ತಿದೆ. ತಕ್ಷಣ ಒಪ್ಪಿಕೊಂಡಿತು.

ಆರತಿ ನನ್ನ ಬೆರಳನ್ನೇ ನೋಡುತ್ತಿದ್ದಳು.

“ಇದೂ ಮಷೀನೇ ಏನ್ರಿ ಯಕ್ಕಾ?”

“ಹೌದವ್ವಾ.”

“ಏನಂತು?”

ಇಪ್ಪತ್ತು ವರ್ಷ ಜನರಿಗೆ ಬೇಕಾದ್ದನ್ನು ಬೇಕಾದಂತೆ ಹೇಳಿ ಅನ್ನ ತಿಂದ ಬಾಯಿ ನನ್ನದು. ಅದು ತಡವರಿಸಲಿಲ್ಲ.

“ನಿನ್ನ ಹೆಸರು ಹೇಳ್ತವ್ವಾ,” ಎಂದೆ. “ಆರತಿ ಅಂತು.”

ಅವಳು ಬಹಳ ಹೊತ್ತು ಆ ಟ್ಯಾಬನ್ನು ನೋಡಿದಳು.

“ಈಗ ಕರೀತೇನ್ರಿ ಅದು?” ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು.